ಎಂಬತ್ತೆರಡನೆಯ ಸದಸ್ಯೆ

ಫೆಬ್ರವರಿ 3, ಸೋಮವಾರ

ಹಾಲು: 1.50, 4.15, 6.40. ಉಸಿರು: ನಿಮಿಷಕ್ಕೆ 34, 36, 33.

ದಿನಕ್ಕೆ ಮೂರು ಸಲ ಫೋನ್ ಮಾಡಿ ನನ್ನ ಪ್ರಾಣ ಹಿಂಡುವ ಬದಲು, ಮಗು ಹಾಲು ಕುಡಿದ ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ತಿಂಗಳಿಗೊಮ್ಮೆ ತಂದು ತೋರಿಸಿ ಎಂದು ಮಕ್ಕಳ ಡಾಕ್ಟರು ಹೇಳಿದರು. ಅದಕ್ಕೆ ಈ ಪುಸ್ತಕ. ಅವರು ಕೇಳಿದ್ದು ಹಾಲಿನ ಲೆಕ್ಕ ಮಾತ್ರ. ಉಸಿರಿನ ಲೆಕ್ಕ ನನ್ನ ಸೇರ್ಪಡೆ. ಉಳಿದ ಜಾಗದಲ್ಲಿ ನಾನು ಏನು ಗೀಚಿದರೂ ಕೇಳುವವರಿಲ್ಲ. ತೋರಿಸುವಾಗ ಪುಟ ಮಡಚಿದರಾಯಿತು.

ಇವತ್ತು ರಜೆ ಮುಗಿದು ಕೆಲಸಕ್ಕೆ ಹೋದೆ. ಪುಟ್ಟಿಗೆ ಏಳು ತಿಂಗಳು. ಬಾಗಿಲ ಹೊರಗೆ ನಿಂತು ಚಪ್ಪಲಿ ಹಾಕಿಕೊಳ್ಳುವುದಕ್ಕೇ ಹತ್ತು ನಿಮಿಷ ತೆಗೆದುಕೊಂಡೆ. ಒಳಗಿನಿಂದ ಅಳು ಕೇಳಿಸಲಿಲ್ಲ. ಅಳದಿದ್ದರೆ ಅದೂ ಒಂದು ಚಿಂತೆ.

ಸದಸ್ಯತ್ವ ಶಾಖೆ ಹಾಗೇ ಇದೆ. ವಿಧಾನಸಭೆಯ ಹಿಂಭಾಗದ ಮೆಟ್ಟಿಲ ಕೆಳಗಿನ ಕೋಣೆ, ಎರಡು ಮೇಜು, ಒಂದು ಕಬ್ಬಿಣದ ಬೀರು, ಪೆನ್ಸಿಲ್ ಸಾಹೇಬರು. ಮೇಲ್ವಿಚಾರಕರಿಗೆ ಆ ಹೆಸರು ಬಂದದ್ದು ಕಿವಿಯ ಮೇಲಿನ ಪೆನ್ಸಿಲ್‌ನಿಂದ. ಈ ತಿಂಗಳ ಕೊನೆಗೆ ನಿವೃತ್ತಿ. ಅವರು ಹೋದ ಮೇಲೆ ಶಾಖೆ ನನ್ನದಂತೆ. ಆ ಮಾತು ಕೇಳಿದಾಗಿನಿಂದ ಬೀರುವಿನ ಬೀಗವನ್ನು ಎರಡೆರಡು ಸಲ ಎಳೆದು ನೋಡುತ್ತಿದ್ದೇನೆ.

ಚುನಾವಣೆ ಮುಗಿದ ಮೇಲೆ ನಿಮಗೆ ಐದು ವರ್ಷ ಏನು ಕೆಲಸ ಎಂದು ಜನ ಕೇಳುತ್ತಾರೆ. ಚುನಾವಣೆಯ ಮಾರನೆ ದಿನ ಎಂಬತ್ತೊಂದು ಮಂದಿ ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ನಿಜ. ಆದರೆ ಕ್ಯಾಮರಾ ಕೆಳಗಿಟ್ಟ ಗಳಿಗೆಯಿಂದಲೇ ಆ ಫೋಟೊ ಹಳತಾಗುತ್ತ ಹೋಗುತ್ತದೆ. ಒಬ್ಬರು ತೀರಿಕೊಳ್ಳುತ್ತಾರೆ, ಒಬ್ಬರು ಮೇಲ್ಮನೆಗೆ ಹೋಗುತ್ತಾರೆ, ಒಬ್ಬರು ಪಕ್ಷ ಬಿಡುತ್ತಾರೆ, ಇನ್ನೊಬ್ಬರನ್ನು ಪಕ್ಷವೇ ಬಿಡುತ್ತದೆ. ಈ ದಿನ, ಈ ಹೊತ್ತಿಗೆ ಕೆಳಮನೆಯಲ್ಲಿ ಯಾರ್ಯಾರು ಇದ್ದಾರೆ ಎಂದು ಖಚಿತವಾಗಿ ಹೇಳಬಲ್ಲವರು ಇಡೀ ಕಟ್ಟಡದಲ್ಲಿ ನಾವಿಬ್ಬರು. ನಾವು ಸದಸ್ಯರನ್ನು ಹೆಸರಿನಿಂದ ಕರೆಯುವುದಿಲ್ಲ, ಸ್ಥಾನದ ಸಂಖ್ಯೆಯಿಂದ ಕರೆಯುತ್ತೇವೆ. ಹೆಸರು ಬದಲಾಗುತ್ತದೆ, ಸಂಖ್ಯೆ ಬದಲಾಗುವುದಿಲ್ಲ. ಓಣಿಯ ಗೋಡೆಯಲ್ಲಿ ಎಂಬತ್ತೊಂದು ಹಿತ್ತಾಳೆ ಫಲಕಗಳಿವೆ. ಸ್ಥಾನ ಖಾಲಿಯಾದರೆ ಆ ಫಲಕವನ್ನು ಮಗುಚಿ ಹಾಕುತ್ತೇವೆ. ಈಗ ಮಗುಚಿರುವುದು ಹನ್ನೆರಡನೆಯದೊಂದೇ. ಆ ಸದಸ್ಯರು ಕಳೆದ ತಿಂಗಳು ತೀರಿಕೊಂಡರು, ಉಪಚುನಾವಣೆ ನಡೆಯುತ್ತಿದೆ.

ಶಾಖೆಯ ಧರ್ಮ ಒಂದೇ. ಕಿವಿಗೆ ಬಿದ್ದದ್ದು ಪೆನ್ಸಿಲ್‌ನಲ್ಲಿ, ಸಭಾಧ್ಯಕ್ಷೆಯ ಆದೇಶವಾದದ್ದು ಇಂಕಿನಲ್ಲಿ. ಪೆನ್ಸಿಲ್‌ನಲ್ಲಿ ಯಾರನ್ನು ಬೇಕಾದರೂ ಸಾಯಿಸಬಹುದು ಕಣಮ್ಮ, ಇಂಕಿನಲ್ಲಿ ಹುಷಾರು, ಎಂದು ಸಾಹೇಬರು ನಾನು ಸೇರಿದ ದಿನ ಹೇಳಿದ್ದರು. ಇವತ್ತೂ ಹೇಳಿದರು.

ಮನೆಗೆ ಐದು ಸಲ ಫೋನ್ ಮಾಡಿದೆ. ಐದನೆಯ ಸಲ ಅತ್ತೆ ಫೋನ್ ಎತ್ತಿ, ಮಗು ನಿನ್ನ ಜೊತೆ ಮಾತಾಡಲ್ಲ ಅಂತಿದೆ, ಎಂದು ಇಟ್ಟುಬಿಟ್ಟರು.

ಫೆಬ್ರವರಿ 5, ಬುಧವಾರ

ಹಾಲು: 12.30, 2.20, 5.05. ಉಸಿರು: 35, 38, 34. 38 ಬಂದಾಗ ಮತ್ತೆ ಎಣಿಸಿದೆ, 35. ಮತ್ತೆ ಎಣಿಸಿದೆ, 36.

ಇವರು ಲಿಫ್ಟ್ ರಿಪೇರಿ ಮಾಡುವವರು. ಮಲಗಿದರೆ ಕೇಬಲ್ ಕಡಿದ ಲಿಫ್ಟಿನ ಹಾಗೆ ಒಂದೇ ಏಟಿಗೆ ಕೆಳಗೆ. ನಾನು ಪುಟ್ಟಿಯ ಎದೆಯ ಮೇಲೆ ಕಣ್ಣಿಟ್ಟು ಗಡಿಯಾರ ಹಿಡಿದು ಕೂತಿರುತ್ತೇನೆ. ಎಣಿಸುವುದು ನಿಲ್ಲಿಸಿದರೆ ಅವಳು ಉಸಿರಾಡುವುದೂ ನಿಲ್ಲಿಸಿಬಿಡುತ್ತಾಳೆ ಎಂದು ನನ್ನ ತಲೆಯೊಳಗೆ ಯಾರೋ ಹೇಳುತ್ತಾರೆ. ಅದು ಹುಚ್ಚು ಎಂದು ಗೊತ್ತು. ಬಿ.ಎ. ಮಾಡಿದ್ದೇನೆ. ಆದರೂ ಎಣಿಸುತ್ತೇನೆ.

ಅತ್ತೆ ಮೂವತ್ತು ವರ್ಷ ಹೊಲಿಗೆ ಕಾರ್ಖಾನೆಯಲ್ಲಿದ್ದವರು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡಿ ಅಭ್ಯಾಸ, ಅದಕ್ಕೇ ಮಾತು ಚುಚ್ಚುತ್ತದೆ. ಬೆಳಗ್ಗೆ ನನ್ನ ಮುಖ ನೋಡಿ, ನೀನು ಉಸಿರಾಡ್ತಿದ್ದೀಯಾ ಅಂತ ಯಾರಮ್ಮ ಎಣಿಸೋದು, ಎಂದರು.

ಕಚೇರಿಯಲ್ಲಿ ಒಂದು ಮಾನಗೆಟ್ಟ ಕೆಲಸವಾಯಿತು. ದಿನದ ಪಟ್ಟಿ ಬರೆಯುವಾಗ ಇಪ್ಪತ್ತಮೂರನೇ ಸ್ಥಾನದ ಮುಂದೆ ಪಕ್ಷದ ಹೆಸರು ಬರೆಯುವಲ್ಲಿ "ಹಾಲು 11.20" ಎಂದು ಬರೆದಿದ್ದೆ. ಪೆನ್ಸಿಲ್‌ನಲ್ಲಿ, ಪುಣ್ಯ. ಸಾಹೇಬರು ಅದನ್ನು ಅಳಿಸಿ, ರಬ್ಬರಿನ ಪುಡಿ ಊದಿ, ಆ ಪಕ್ಷಕ್ಕೆ ಸೇರಿದ್ರೂ ಆಶ್ಚರ್ಯ ಇಲ್ಲ, ಅವರು ಎಲ್ಲಾ ಕಡೆ ಹೋಗಿ ಬಂದಿದ್ದಾರೆ, ಎಂದರು. ನಗಬೇಕೆಂದುಕೊಂಡೆ. ಬಾಯಿ ಕೇಳಲಿಲ್ಲ.

ಫೆಬ್ರವರಿ 10, ಸೋಮವಾರ

ಹಾಲು: 1.15, 3.00, 4.50, 6.30. ಉಸಿರು: 34, 33, 36, 34.

ಊಟದ ಹೊತ್ತಿನಲ್ಲಿ ರಾಜೀನಾಮೆ ಪತ್ರ ಬರೆದೆ. ನಾಲ್ಕು ಸಾಲು ಅಷ್ಟೆ.

"ಮಾನ್ಯರೇ, ಈ ಜಾಗಕ್ಕೆ ನಾನು ತಕ್ಕ ವ್ಯಕ್ತಿಯಲ್ಲ ಎಂದು ನನಗೆ ಮನವರಿಕೆಯಾಗಿದೆ. ಮಗುವಿಗೆ ಏಳು ತಿಂಗಳು. ರಾತ್ರಿ ನಿದ್ದೆಯಿಲ್ಲ, ಹಗಲು ಎಣಿಕೆ ತಪ್ಪುತ್ತಿದೆ. ದಯವಿಟ್ಟು ನನ್ನನ್ನು ಬಿಡುಗಡೆ ಮಾಡಿ."

ಸಹಿ ಹಾಕಲಿಲ್ಲ, ದಿನಾಂಕವನ್ನೂ ಬರೆಯಲಿಲ್ಲ. ಬರೆದದ್ದನ್ನು ಮತ್ತೆ ಮತ್ತೆ ತಿದ್ದುತ್ತ ಕೂರಬಾರದೆಂದು ಲಕೋಟೆಯಲ್ಲಿ ಹಾಕಿ ಅಂಟಿಸಿಬಿಟ್ಟೆ. ಸಹಿಯಿಲ್ಲದ ಪತ್ರವನ್ನು ಅಂಟಿಸಿದವಳು ನಾನೊಬ್ಬಳೇ ಇರಬೇಕು. ಕಚೇರಿಯದೇ ಉದ್ದನೆಯ ಕಂದು ಲಕೋಟೆ. ಅದಕ್ಕೂ ಒಂದು ತಪ್ಪಿತಸ್ಥ ಭಾವ.

ಈ ಕೆಲಸ ನನಗೆ ಇಷ್ಟ. ಬೇರೆಯವರಿಗೆ ಹೇಳಿದರೆ ನಗುತ್ತಾರೆ, ಆದರೆ ಬೆಳಗ್ಗೆ ಎಂಬತ್ತೊಂದೂ ಸಾಲು ಸರಿಹೋಗಿ ಕೆಳಗೆ ಗೆರೆ ಎಳೆಯುವಾಗ ಆಗುವ ಖುಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಬಿಡಬೇಕೆಂದು ಬರೆದದ್ದು ಅದಕ್ಕೇ. ಇಷ್ಟದ ಕೆಲಸವನ್ನು ಕೆಡಿಸಿ ಹೋಗುವುದಕ್ಕಿಂತ ಸುಮ್ಮನೆ ಹೋಗುವುದು ಮೇಲು.

ಫೆಬ್ರವರಿ 12

ಹಾಲು: ನಾಲ್ಕು ಸಲ. ಉಸಿರು: ಸರಿಯಿದೆ. ನಾನು ಸರಿಯಿಲ್ಲ.

ಫೆಬ್ರವರಿ 17, ಸೋಮವಾರ

ಹಾಲು: 2.00, 5.30. ಉಸಿರು: 34.

ಇವತ್ತು ಸಹಿ ಹಾಕಿಯೇಬಿಡುವುದೆಂದು ಬೆಳಗ್ಗೆ ಲಕೋಟೆಯನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟುಕೊಂಡೆ. ಬಿಚ್ಚಲು ಅಡಿಕೋಲು ಹುಡುಕುತ್ತಿದ್ದೆ, ಅಷ್ಟರಲ್ಲಿ ಬಾಗಿಲು ತುಂಬ ಬಂದು ನಿಂತರು ಅರವತ್ತೊಂಬತ್ತು.

ಅವರು ಮೊದಲು ಹೊಳೆ ದಾಟಿಸುವ ದೊಡ್ಡ ದೋಣಿಯ ಚಾಲಕರಾಗಿದ್ದವರು. ಆ ದಡದಿಂದ ಈ ದಡಕ್ಕೆ ಕೂಗಿ ಕೂಗಿ ಗಂಟಲು ಹಾಗೇ ಉಳಿದುಬಿಟ್ಟಿದೆ. ಗುಟ್ಟು ಹೇಳಿದರೂ ಓಣಿಯ ಕೊನೆಗೆ ಕೇಳುತ್ತದೆ. ಗೆದ್ದದ್ದು ಸೇತುವೆ ಕಟ್ಟಿಸುತ್ತೇನೆಂದು. ಮೂರು ಚುನಾವಣೆ ಗೆದ್ದರು, ಹನ್ನೊಂದು ವರ್ಷವಾಯಿತು, ಸೇತುವೆಯ ಮಸೂದೆ ಕಾರ್ಯಸೂಚಿಯ ಕೊನೆಯಲ್ಲಿ ಬಂದು ಹೊತ್ತು ಮೀರಿ ಮುಂದಕ್ಕೆ ಹೋಗುತ್ತಲೇ ಇದೆ. ಮೊನ್ನೆ ಊರಿನಲ್ಲಿ ಒಬ್ಬ ಮುದುಕಿ, ನಿನ್ನ ಸೇತುವೆಗಿಂತ ನಿನ್ನ ದೋಣಿ ವಾಸಿ ಇತ್ತು, ಎಂದಳಂತೆ. ಅದು ಅವರಿಗೆ ನಾಟಿಬಿಟ್ಟಿದೆ.

"ತಗೋ ತಾಯಿ," ಎಂದು ಲಕೋಟೆ ಇಟ್ಟರು. "ರಾಜೀನಾಮೆ. ದೋಣಿಗೇ ವಾಪಸ್ ಹೋಗ್ತೀನಿ."

ನಿಯಮದ ಪ್ರಕಾರ ಸದಸ್ಯರೇ ಕೈಯಾರೆ ತಂದು ಕೊಡಬೇಕು. ನಾವು ಬಿಚ್ಚುವಂತಿಲ್ಲ, ಲಕೋಟೆಯ ಮೇಲೆ ಹೊತ್ತಿನ ಮುದ್ರೆ ಒತ್ತಿ ಕೆಂಪು ಕಡತದಲ್ಲಿಟ್ಟು ಬೀರುವಿಗೆ ಬೀಗ ಹಾಕಬೇಕು. ಮಾರನೆ ದಿನ ಸಭಾಧ್ಯಕ್ಷೆ ಅವರನ್ನು ಕರೆಸಿ, ನಮ್ಮೆದುರಿಗೇ ಬಿಚ್ಚಿ, ಇದು ಸ್ವಂತ ಇಚ್ಛೆಯೇ ಎಂದು ಕೇಳಬೇಕು. ಆಮೇಲೆ ಮನಸ್ಸು ಬದಲಿಸಲು ಮೂರು ದಿನದ ಅವಕಾಶ. ಅಲ್ಲಿಯವರೆಗೆ ಪಟ್ಟಿಯಲ್ಲಿ ಅವರ ಸಂಖ್ಯೆಯ ಪಕ್ಕ ಪೆನ್ಸಿಲ್‌ನ ಒಂದು ಸಣ್ಣ ಗೀಟು.

ಎಲ್ಲವನ್ನೂ ಮಾಡಿದೆ. ಮುದ್ರೆ ಒತ್ತುವಾಗ ಗಂಟೆ 11.05. ಅವರು ಅಷ್ಟು ಹೊತ್ತೂ ಪುಟ್ಟಿಯ ಬಗ್ಗೆ ಕೇಳುತ್ತಿದ್ದರು. ಹಲ್ಲು ಬಂತಾ, ತೆವಳ್ತಾಳಾ ಎಂದು. ರಾಜೀನಾಮೆ ಕೊಡುವವರು ಇಷ್ಟು ನಿಧಾನವಾಗಿ ಮಾತಾಡಬಾರದು.

ಅವರು ಹೋದ ಮೇಲೆ ನನ್ನ ಲಕೋಟೆ ಬಿಚ್ಚಿ ಸಹಿ ಹಾಕುವ ಧೈರ್ಯ ಹೋಯಿತು. ಹಾಗೇ ಚೀಲಕ್ಕೆ ಹಾಕಿಕೊಂಡು ಬಂದೆ. ಇವರ ಕಣ್ಣಿಗೆ ಬೀಳಬಾರದೆಂದು ಪುಟ್ಟಿಯ ಬಟ್ಟೆಗಳ ಅಡಿಯಲ್ಲಿಟ್ಟಿದ್ದೇನೆ. ಆ ರಾಶಿಗೆ ಇವರು ಕೈ ಹಾಕುವುದು ಹುಣ್ಣಿಮೆಗೊಮ್ಮೆ.

ಫೆಬ್ರವರಿ 18, ಮಂಗಳವಾರ

ಹಾಲು: 2.30 ಇರಬೇಕು.

ಎಲ್ಲಿಂದ ಶುರುಮಾಡಲಿ.

ಹನ್ನೊಂದಕ್ಕೆ ಸಭಾಧ್ಯಕ್ಷೆಯ ಕೋಣೆ. ಅವರು ಮೇಜಿನ ಆಚೆ, ಅರವತ್ತೊಂಬತ್ತು ಈಚೆ, ಕಡತ ಹಿಡಿದು ನಾನು ಮತ್ತು ಸಾಹೇಬರು ಗೋಡೆಗೆ ಒರಗಿ. ಸಭಾಧ್ಯಕ್ಷೆ ಕನ್ನಡಕ ಏರಿಸಿ ಪತ್ರವನ್ನು ಒಂದು ಸಲ ಓದಿದರು. ಅರವತ್ತೊಂಬತ್ತರ ನೆರೆತ ಮೀಸೆಯನ್ನು ನೋಡಿದರು. ಇನ್ನೊಂದು ಸಲ ಓದಿದರು.

"ಇದು ನೀವೇ ಬರೆದದ್ದಾ?"

"ನಾನೇ, ಅಧ್ಯಕ್ಷರೇ. ರಾತ್ರಿಯೆಲ್ಲಾ ಕೂತು ಬರೆದೆ."

"ಸ್ವಂತ ಇಚ್ಛೆಯಿಂದ?"

"ಸ್ವಂತ ಇಚ್ಛೆಯಿಂದ. ನನ್ನ ಹೆಂಡತಿ ಬೇಡ ಅಂದಳು. ನಾನು ಕೇಳಲಿಲ್ಲ."

ಸಭಾಧ್ಯಕ್ಷೆ ಕಾಗದ ಕೆಳಗಿಟ್ಟು, ತುಂಬ ಮೃದುವಾಗಿ, ಮನೆಯಲ್ಲಿ ಬೇರೆ ಯಾರೂ ನೋಡಿಕೊಳ್ಳೋರು ಇಲ್ವಾ ಎಂದು ಕೇಳಿದರು. ಯಾರನ್ನ ಎಂದು ಅರವತ್ತೊಂಬತ್ತು. ಮಗುವನ್ನ ಎಂದು ಸಭಾಧ್ಯಕ್ಷೆ.

"ಅಧ್ಯಕ್ಷರೇ," ಎಂದರು ಅರವತ್ತೊಂಬತ್ತು, "ನನ್ನ ಕೊನೇ ಮಗನಿಗೆ ಮೂವತ್ತೆಂಟು. ಅವನೇ ಅವನನ್ನ ನೋಡ್ಕೋತಾನೆ."

ಅಷ್ಟು ಹೊತ್ತಿಗೆ ನಿನ್ನೆಯ ಮೇಜು ಕಣ್ಣ ಮುಂದೆ ಬಂತು. ಎರಡು ಕಂದು ಲಕೋಟೆ, ಒಂದು ಮುದ್ರೆ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಒಂದು ನಿಮಿಷ ಸಿಗುತ್ತಿತ್ತೇನೋ. ಆದರೆ ಆ ದೊಡ್ಡ ಮನುಷ್ಯ ತನ್ನದಲ್ಲದ ಕೂಸಿಗೆ ಉತ್ತರ ಹೇಳುತ್ತ ನಿಂತಿದ್ದರು.

"ಅದು ನನ್ನದು," ಎಂದೆ. "ಪತ್ರವೂ ನನ್ನದು, ಮಗುವೂ ನನ್ನದು."

ಸಾಹೇಬರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೈಯಲ್ಲಿ ಹಿಡಿದರು. ಬರೆಯುವುದಕ್ಕಲ್ಲದೆ ಅದನ್ನು ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅರವತ್ತೊಂಬತ್ತು ತಮ್ಮ ಪತ್ರ ಎಲ್ಲಿ ಎಂದು ಕೇಳಿದರು. ಮನೆಯಲ್ಲಿದೆ ಎಂದೆ. ಎಲ್ಲಿ ಎಂದರೆ ಮಗುವಿನ ಬಟ್ಟೆಯ ಅಡಿಯಲ್ಲಿ ಎಂದೂ ಹೇಳಬೇಕಾಯಿತು. ಮೂರು ಗಂಟೆಯೊಳಗೆ ತನ್ನಿ ಎಂದು ಸಭಾಧ್ಯಕ್ಷೆ ಹೇಳಿದರು. ಬಸ್ಸಿನಲ್ಲಿ ನಿಂತೇ ಬಂದೆ, ಸೀಟು ಖಾಲಿಯಿದ್ದರೂ.

ಮನೆಯಲ್ಲಿ ಬಟ್ಟೆಯೆಲ್ಲ ಮಡಚಿ ಕಪಾಟು ಸೇರಿತ್ತು. ಪುಟ್ಟಿ ಚಾಪೆಯ ನಡುವೆ ಕೂತು ಕಂದು ಬಣ್ಣದ ಏನನ್ನೋ ಎರಡೂ ಕೈಯಲ್ಲಿ ಹಿಡಿದು ಮಗ್ನಳಾಗಿದ್ದಳು.

"ಅದಾ?" ಎಂದರು ಅತ್ತೆ. "ಬೆಳಗ್ಗೆಯಿಂದ ಅದರ ಜೊತೆಗೇ ಆಟ. ಹಲ್ಲು ಬರ್ತಿದೆ, ಏನಾದ್ರೂ ಕಚ್ಚಬೇಕಲ್ಲ. ಒಂಚೂರೂ ಅತ್ತಿಲ್ಲ ನೋಡು."

ಕಸಿದುಕೊಂಡೆ. ಲಕೋಟೆಯ ಅರ್ಧವಿರಲಿಲ್ಲ. ಒಳಗಿನ ಕಾಗದದಲ್ಲಿ ಸೇತುವೆಯೂ ಮುದುಕಿಯೂ ಹನ್ನೊಂದು ವರ್ಷವೂ ಒದ್ದೆಯಾಗಿ ಉಳಿದಿದ್ದವು. ಕೆಳಗಿನ ಬಲಮೂಲೆ, ಸಹಿ ಇರುವ ಜಾಗ, ಒಂದು ಅಚ್ಚುಕಟ್ಟಾದ ಅರ್ಧಚಂದ್ರ. ಅಂಚಿನಲ್ಲಿ ಎರಡು ಹಲ್ಲಿನ ಗುರುತು. ಪುಟ್ಟಿ ನನ್ನನ್ನು ನೋಡಿ ನಕ್ಕಳು. ಕೆಳಗಡೆ ನಿಜವಾಗಿಯೂ ಎರಡು ಹಲ್ಲು.

ಊಟದ ಡಬ್ಬಿಯಲ್ಲಿಟ್ಟು ತಂದೆ. ದಾರಿಯಲ್ಲಿ ಸಾಹೇಬರಿಗೆ ಫೋನ್ ಮಾಡಿದಾಗ, ವರದಿ ನಾನು ಬರೀತೀನಿ, ಇಬ್ಬರದೂ ತಪ್ಪು ಅಂತ, ನನಗಿನ್ನು ಹತ್ತು ದಿನ, ಯಾರೇನು ಮಾಡ್ತಾರೆ, ಎಂದರು. ಬೇಡ ಎಂದೆ. ಬಂದು ನಾನೇ ಬರೆದೆ. ಲಕೋಟೆ ಅದಲುಬದಲಾದದ್ದು, ಎಲ್ಲಿಟ್ಟದ್ದು, ಯಾರು ಅಗಿದದ್ದು, ಎಲ್ಲ. ಕೆಳಗೆ ನನ್ನ ಸಹಿ. ಪೆನ್ನಿನಲ್ಲಿ ಬರೆದಿದ್ದೇನೆಂದು ಮುಗಿದ ಮೇಲೆ ನೋಡಿದೆ.

ಸಭಾಧ್ಯಕ್ಷೆ ಡಬ್ಬಿಯ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು. ಸಹಿಯಿಲ್ಲದ ಕಾಗದ ರಾಜೀನಾಮೆಯಲ್ಲ, ಬೇಕಾದರೆ ಹೊಸದಾಗಿ ಬರೆದುಕೊಡಬಹುದು ಎಂದು ಅರವತ್ತೊಂಬತ್ತಕ್ಕೆ ಹೇಳಿದರು. ಅರವತ್ತೊಂಬತ್ತು ಬೈಯಲಿದ್ದಾರೆ ಎಂದು ನಾನು ತಲೆ ತಗ್ಗಿಸಿದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ಆ ಎರಡು ಗುರುತನ್ನೇ ನೋಡುತ್ತಿದ್ದರು.

"ಹನ್ನೊಂದು ವರ್ಷದಲ್ಲಿ ನನ್ನ ಕಾಗದಾನ ಇಷ್ಟು ಗಮನ ಕೊಟ್ಟು ಯಾರೂ ಓದಿರಲಿಲ್ಲ," ಎಂದರು. "ಶುಕ್ರವಾರದವರೆಗೆ ನೋಡ್ತೀನಿ ತಾಯಿ."

ಅವರು ಹೋದ ಮೇಲೆ ಸಭಾಧ್ಯಕ್ಷೆ ನನ್ನ ಪತ್ರವನ್ನು ತಮ್ಮ ಮೇಜಿನ ಖಾನೆಗೆ ಹಾಕಿಕೊಂಡರು. ಇದಕ್ಕೂ ಸಹಿಯಿಲ್ಲ, ಆದರೆ ಓದಿ ಆಗಿದೆ, ಎಂದರು. "ಸದಸ್ಯರಿಗೆ ಏನು ನಿಯಮವೋ ನಿಮಗೂ ಅದೇ. ಮೂರು ದಿನ ಯೋಚಿಸಿ. ಶುಕ್ರವಾರ ಬಂದು ನಿಮ್ಮ ಬಾಯಿಂದ ಹೇಳಿ."

ಸಾಹೇಬರು ರಬ್ಬರು ಕೊಟ್ಟರು. ಅರವತ್ತೊಂಬತ್ತರ ಪಕ್ಕದ ಗೀಟನ್ನು ನಾನೇ ಅಳಿಸಿದೆ.

ಸಂಜೆ ಇವರಿಗೆ ಎಲ್ಲ ಹೇಳಿಬಿಟ್ಟೆ. ನನ್ನ ಪತ್ರದ ವಿಷಯವನ್ನೂ. ಇವರು ನಗುವುದೋ ಸುಮ್ಮನಿರುವುದೋ ತಿಳಿಯದೆ ಕೆಮ್ಮಿದರು. ಆಮೇಲೆ, ಬಿಡಬೇಕು ಅಂತ ನಿಜವಾಗ್ಲೂ ಇದ್ದಿದ್ರೆ ಸಹಿ ಹಾಕ್ತಿದ್ದೆ ಕಣೇ, ಎಂದರು. ಲಿಫ್ಟಿನವರಿಗೆ ಎಷ್ಟನೇ ಮಹಡಿಯಲ್ಲಿ ಸಿಕ್ಕಿಕೊಂಡಿದೆ ಎಂದು ಸದ್ದಿನಿಂದಲೇ ಗೊತ್ತಾಗುತ್ತದಂತೆ.

ಪುಟ್ಟಿ ಕಾಗದ ನುಂಗಿದ್ದಾಳಲ್ಲ, ಇಂಕು ಬೇರೆ, ಎಂಬುದು ಇದನ್ನು ಬರೆಯುವಾಗ ಹೊಳೆಯಿತು. ನಾಳೆ ಡಾಕ್ಟರಿಗೆ ಫೋನ್ ಮಾಡಬೇಕು. ಆಟವಾಡುತ್ತಿದ್ದಾಳೆ, ಹುಷಾರಾಗಿಯೇ ಇದ್ದಾಳೆ.

ಫೆಬ್ರವರಿ 20, ಗುರುವಾರ

ಡಾಕ್ಟರು ನಿನ್ನೆ ಫೋನಿನಲ್ಲಿ, ಹೋಗೋ ದಾರಿಯಲ್ಲಿ ಹೋಗತ್ತೆ ಬಿಡಿ, ಎಂದರು. ಹಾಗೇ ಆಯಿತು.

ಇವತ್ತಿನ ದಿನವನ್ನು ಪೂರ್ತಿ ಬರೆಯಬೇಕು.

ಸೇತುವೆಯ ಮಸೂದೆ ಕಾರ್ಯಸೂಚಿಯಲ್ಲಿ ನಾಲ್ಕನೆಯದಾಗಿ ಬಂದಿತ್ತು. ಅರವತ್ತೊಂಬತ್ತು ರಾಜೀನಾಮೆ ತಂದಿದ್ದರೆಂಬ ಸುದ್ದಿ ಹಬ್ಬಿ ಅವರ ಪಕ್ಷದವರು ಬೆದರಿ ಮೇಲಕ್ಕೆ ತಂದಿದ್ದರು. ಸದನ ಇಬ್ಭಾಗ. ಎಂಬತ್ತೊಂದರಲ್ಲಿ ಹನ್ನೆರಡನೆಯದು ಖಾಲಿ, ಸಭಾಧ್ಯಕ್ಷೆ ಸಮಬಲವಾದರೆ ಮಾತ್ರ ಮತ ಹಾಕುತ್ತಾರೆ. ಉಳಿದದ್ದು ಎಪ್ಪತ್ತೊಂಬತ್ತು. ಒಂದು ಮತ ಆಚೆ ಈಚೆಯಾದರೆ ಮುಗಿಯಿತು.

ಮತಕ್ಕೆ ಹಾಕುವ ಮುಂಚೆ ಎದುರು ಸಾಲಿನಿಂದ ನಲವತ್ತನಾಲ್ಕನೇ ಸ್ಥಾನದವರು ಎದ್ದರು. ಅರವತ್ತೊಂಬತ್ತನೇ ಸದಸ್ಯರು ಸೋಮವಾರ ರಾಜೀನಾಮೆ ಕೊಟ್ಟಿದ್ದಾರೆ, ಓಣಿಯಲ್ಲಿ ನಿಂತವರೆಲ್ಲ ಕೇಳಿಸಿಕೊಂಡಿದ್ದಾರೆ, ಆ ಸ್ಥಾನ ತುಂಬಿದೆಯೋ ಖಾಲಿಯೋ ಎಂದು ಶಾಖೆ ಬರೆದು ಹೇಳಲಿ ಎಂದರು. ಸದನದಲ್ಲಿ ಗದ್ದಲ. ಸಭಾಧ್ಯಕ್ಷೆ ಚೀಟಿ ಕಳಿಸಿದರು. ನಾವಿಬ್ಬರೂ ಪಕ್ಕದ ಮೇಜಿನಲ್ಲೇ ಕೂತಿದ್ದೆವು.

ಸಾಹೇಬರು ಚೀಟಿಯನ್ನು ನನ್ನ ಮುಂದೆ ಸರಿಸಿದರು. ಪೆನ್ನನ್ನೂ.

"ನೀನೇ ಬರಿ," ಎಂದರು. "ನಾನು ಕನ್ನಡಕ ತಂದಿಲ್ಲ."

ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು.

ಒಂದರಿಂದ ಎಂಬತ್ತೊಂದರವರೆಗೆ ಮನಸ್ಸಿನಲ್ಲೇ ಹೋಗಿಬಂದೆ. ಓಣಿಯ ಗೋಡೆಯ ಮೇಲೆ ನಡೆದ ಹಾಗೆ. ಎಲ್ಲಿಯೂ ಮುಗ್ಗರಿಸಲಿಲ್ಲ. ಬರೆದೆ: "ಸದಸ್ಯರು 80. ಖಾಲಿ: 12ನೇ ಸ್ಥಾನ ಮಾತ್ರ. 69ರ ರಾಜೀನಾಮೆ ಸಂದಿಲ್ಲ." ಸಹಿ ಹಾಕಿ, ಹೊತ್ತು ನಮೂದಿಸಿ ಕೊಟ್ಟೆ.

ನಲವತ್ತನಾಲ್ಕು ಅಷ್ಟಕ್ಕೇ ಬಿಡಲಿಲ್ಲ. ಕೊಟ್ಟ ಪತ್ರ ಸಲ್ಲದ್ದು ಹೇಗಾಯಿತು ಎಂದು ಕೇಳಿದರು. ಶಾಖೆಯ ವರದಿಯನ್ನೇ ಓದಿಬಿಡುತ್ತೇನೆ ಎಂದು ಸಭಾಧ್ಯಕ್ಷೆ ಓದತೊಡಗಿದರು. ನನ್ನ ವರದಿ. ನನ್ನ ಮನೆ, ನನ್ನ ಮಗುವಿನ ಬಟ್ಟೆ, ನನ್ನ ನಿದ್ದೆಗೇಡು. ಕೂತಲ್ಲೇ ಕರಗಿ ಹೋದರೆ ಸಾಕೆನಿಸಿತು. "ಸಹಿಯ ಭಾಗವನ್ನು ನನ್ನ ಮಗಳು, ಏಳು ತಿಂಗಳು, ಅಗಿದಿರುತ್ತಾಳೆ" ಎಂಬಲ್ಲಿಗೆ ಬಂದಾಗ ಎಲ್ಲೋ ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಇಳಿದು ಬಂತು, ಆ ಕಡೆ ಈ ಕಡೆ ಎಂದಿಲ್ಲದೆ. ನಲವತ್ತನಾಲ್ಕು ಕೂಡ ಕೂರುವಾಗ ಬಾಯಿಗೆ ಕರವಸ್ತ್ರ ಹಿಡಿದಿದ್ದರು. ನಾನೂ ನಕ್ಕೆನಂತೆ. ಸಾಹೇಬರು ಹೇಳಿದ್ದು.

ಪರವಾಗಿ ನಲವತ್ತು, ವಿರೋಧ ಮೂವತ್ತೊಂಬತ್ತು. ಅರವತ್ತೊಂಬತ್ತು ಎದ್ದು ನಿಂತು ಒಂದೇ ಒಂದು ಕೂಗು ಹಾಕಿದರು. ಆ ದಡಕ್ಕೂ ಕೇಳಿಸಿರಬೇಕು.

ಹೊರಗೆ ಬರುವಾಗ ಅವರು ನನ್ನನ್ನು ನಿಲ್ಲಿಸಿ, ಸೇತುವೆ ಆದ ದಿನ ಮೊದಲು ದಾಟೋದು ಆ ಎರಡು ಹಲ್ಲಿನವಳು, ಎಂದರು. ಅಷ್ಟು ಹೊತ್ತಿಗೆ ಅವಳಿಗೆ ಮೂವತ್ತೆರಡೂ ಬಂದಿರ್ತವೆ ಬಿಡಿ ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು.

ಮನೆಯಲ್ಲಿ ಅತ್ತೆಗೆ ಹೇಳಿದೆ, ಪುಟ್ಟಿಯ ಹೆಸರು ಸದನದ ನಡಾವಳಿಯಲ್ಲಿ ಅಚ್ಚಾಗುತ್ತದೆ ಎಂದು. ಹೆಸರಲ್ಲ, ಹಲ್ಲು ಎಂದು ತಿದ್ದಿದರು.

ಫೆಬ್ರವರಿ 21, ಶುಕ್ರವಾರ

ಸಭಾಧ್ಯಕ್ಷೆಯ ಕೋಣೆಯಲ್ಲಿ ನಾನು ಈ ಸಲ ಮೇಜಿನ ಈಚೆ. ಗೋಡೆಗೆ ಒರಗಿ ಸಾಹೇಬರು, ಸಾಕ್ಷಿಗೆ. ನಿಯಮ ನಿಯಮವೇ.

ಏನು ಹೇಳಬೇಕೆಂದು ಬಸ್ಸಿನಲ್ಲಿ ಎಷ್ಟೋ ವಾಕ್ಯ ಜೋಡಿಸಿಕೊಂಡಿದ್ದೆ. ಹೊರಟದ್ದು ಒಂದೇ.

"ಹಿಂದಕ್ಕೆ ತಗೋತೀನಿ."

"ಸ್ವಂತ ಇಚ್ಛೆಯಿಂದ?"

"ಹೌದು."

"ಎಣಿಕೆ ತಪ್ಪುತ್ತಿದೆ ಅಂತ ಬರೆದಿದ್ದೀರಿ. ನಿನ್ನೆ ಎಂಬತ್ತು ಸರಿಯಾಗಿತ್ತಲ್ಲ."

ಪತ್ರ ಮರಳಿ ಕೊಟ್ಟರು. ಅದರ ಜೊತೆಗೆ ಇನ್ನೊಂದು ಕಾಗದ, ಲಕೋಟೆಗಳ ವಿಷಯದಲ್ಲಿ ಅಜಾಗರೂಕತೆಗೆ ಲಿಖಿತ ಎಚ್ಚರಿಕೆ. ಅದು ಕಡತದಲ್ಲಿ ಉಳಿಯುತ್ತದೆ. ಓಣಿಗೆ ಬಂದ ಮೇಲೆ ಸಾಹೇಬರು ತಮಗೆ ಅಂಥವು ಮೂರು ಬಂದಿವೆ ಎಂದು, ಪದಕ ಬಂದವರ ಹಾಗೆ ಹೇಳಿದರು. ಒಂದು ಸಲ ಬದುಕಿದ್ದವರ ಫಲಕ ಮಗುಚಿದ್ದರಂತೆ. ಪುಣ್ಯಾತ್ಮರು ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದರಂತೆ.

ನನ್ನ ಪತ್ರವನ್ನು ಪುಟ್ಟಿಗೆ ಕೊಟ್ಟೆ. ಮೂಸಿ ಬಿಸಾಡಿದಳು. ಸಹಿಯಿಲ್ಲದ್ದು ಅವಳಿಗೆ ರುಚಿಸುವುದಿಲ್ಲ.

ಫೆಬ್ರವರಿ 25, ಮಂಗಳವಾರ

ಡಾಕ್ಟರಿಗೆ ಪುಸ್ತಕ ತೋರಿಸಿದೆ, ಬೇಡದ ಪುಟ ಮಡಚಿ. ಹದಿನೆಂಟರಿಂದ ಈಚೆಗೆ ಹಾಲಿನ ಲೆಕ್ಕವೇ ಇಲ್ಲವಲ್ಲ, ಮಗು ಉಪವಾಸ ಇದೆಯಾ ಎಂದು ಕೇಳಿದರು. ಕಚೇರಿಯಲ್ಲಿ ಕೆಲಸ ಜಾಸ್ತಿ, ಬರೆಯಲು ಪುರುಸೊತ್ತಾಗಲಿಲ್ಲ ಎಂದೆ. ಅವರು ಪುಸ್ತಕ ಮುಚ್ಚಿ, ಹೀಗೇ ಪುರುಸೊತ್ತು ಇಲ್ಲದೆ ಇರಿ ಎಂದರು. ಏನು ಡಾಕ್ಟರೋ. ತೂಕ ಚೆನ್ನಾಗಿದೆಯಂತೆ.

ಫೆಬ್ರವರಿ 28, ಶುಕ್ರವಾರ

ಉಪಚುನಾವಣೆಯಲ್ಲಿ ಗೆದ್ದ ಹೊಸ ಹನ್ನೆರಡು ಬೆಳಗ್ಗೆ ಪ್ರಮಾಣವಚನ ತೆಗೆದುಕೊಂಡರು. ಪಶುವೈದ್ಯೆ. ರಾತ್ರಿ ನಿದ್ದೆ ಮಾಡಿಲ್ಲ ಎಂದು ನನ್ನ ಹತ್ತಿರ ಪಿಸುಗುಟ್ಟಿದರು. ಎಲ್ಲರಿಗೂ ಮೊದಮೊದಲು ಹಾಗೇ, ಆಮೇಲೆ ಸರಿಹೋಗತ್ತೆ ಎಂದು ಧೈರ್ಯ ಹೇಳಿದೆ. ಆದೇಶಕ್ಕೆ ಸಹಿಯಾದ ಮೇಲೆ ಓಣಿಗೆ ಹೋಗಿ ಹೊಸ ಹೆಸರಿನ ಫಲಕವನ್ನು ನಾನೇ ಕೂರಿಸಿದೆ. ಎಂಬತ್ತೊಂದೂ ಮುಖ ಈ ಕಡೆಗೆ.

ಸಾಹೇಬರ ಕೊನೆಯ ದಿನವೆಂದು ಮಧ್ಯಾಹ್ನ ಅತ್ತೆ ಪುಟ್ಟಿಯನ್ನು ಎತ್ತಿಕೊಂಡು ಶಾಖೆಗೆ ಬಂದರು. ಅರವತ್ತೊಂಬತ್ತೂ ಬಂದರು, ಅವಳ ಜೊತೆ ದೊಡ್ಡ ಗಂಟಲಲ್ಲಿ ಗುಟ್ಟು ಮಾತಾಡಿದರು. ಸಾಹೇಬರಿಗೂ ಅತ್ತೆಗೂ ಗುಂಡುಪಿನ್ನುಗಳ ಗುಣಮಟ್ಟದ ಬಗ್ಗೆ ವಾದ ಹತ್ತಿ, ಅತ್ತೆ ಗೆದ್ದರು. ಆಮೇಲೆ ಸಾಹೇಬರು ದಿನದ ಪಟ್ಟಿ ತೆಗೆದು, ಎಂಬತ್ತೊಂದರ ಕೆಳಗೆ ನಾನು ಎಳೆದ ಗೆರೆಯ ಕೆಳಗೆ, ಪೆನ್ಸಿಲ್‌ನಲ್ಲಿ 82 ಎಂದು ಬರೆದು ಮುಂದೆ "ಪುಟ್ಟಿ, ಪಕ್ಷೇತರ" ಎಂದು ಸೇರಿಸಿದರು.

"ಇಂಕಿನಲ್ಲಿ ಯಾಕಿಲ್ಲ?" ಎಂದರು ಅತ್ತೆ.

"ಪ್ರಮಾಣವಚನ ಆಗಿಲ್ಲವಲ್ಲಮ್ಮ. ಮಾತು ಬರಲಿ."

ಹೋಗುವಾಗ ಕಿವಿಯ ಮೇಲಿನ ಪೆನ್ಸಿಲ್ಲನ್ನು ನನ್ನ ಮೇಜಿನ ಮೇಲಿಟ್ಟರು. ಬೆರಳುದ್ದ ಉಳಿದಿದೆ. ಅವರ ಕಿವಿ ಬೋಳಾಗಿ ಕಾಣುತ್ತಿತ್ತು. ಆ 82ನ್ನು ಅಳಿಸಬೇಕು, ಸರ್ಕಾರಿ ದಾಖಲೆ. ಸೋಮವಾರ ಅಳಿಸಿದರಾಯಿತು.

ಮಾರ್ಚ್ 2, ಭಾನುವಾರ

ಇವರ ಜೊತೆ ಜಗಳವಾಡಿದೆ.

ಕಣ್ಣು ಬಿಟ್ಟಾಗ ಬಿಸಿಲು ಕಾಲ ಮೇಲೆ ಬಂದಿತ್ತು. ಗಂಟೆ ಒಂಬತ್ತೂವರೆ. ಪಕ್ಕದಲ್ಲಿ ಇವರು ಗಡಿಯಾರ ಹಿಡಿದು ಕೂತು ನನ್ನನ್ನೇ ನೋಡುತ್ತಿದ್ದರು. ಮಡಿಲಲ್ಲಿ ಪುಟ್ಟಿ, ಅವಳೂ ನನ್ನನ್ನೇ ನೋಡುತ್ತಿದ್ದಳು. ಹಾಲು ಕುಡಿಸಿ ಆಗಿದೆ, ಅಮ್ಮ ಎರಡು ಸಲ ಬಂದು ನೋಡಿ ಹೋದಳು ಎಂದರು ಇವರು. ಎಬ್ಬಿಸಬಾರದಿತ್ತಾ ಎಂದು ರೇಗಿದೆ. ಒಂಬತ್ತು ಗಂಟೆ ಹೊತ್ತು ಮಗ್ಗುಲು ಕೂಡ ಬದಲಾಯಿಸಲಿಲ್ಲವಂತೆ ನಾನು. ಇವರಿಗೆ ಹೆದರಿಕೆಯಾಯಿತಂತೆ.

"ಅದಕ್ಕೇ ಎಣಿಸ್ತಿದ್ದೆ," ಎಂದರು. "ನಿಮಿಷಕ್ಕೆ ಹದಿನಾಲ್ಕು. ಸರಿ ತಾನೇ ಅದು?"

ಏನು ಮನುಷ್ಯರಪ್ಪ. ಹಾಯಾಗಿ ಮಲಗಿದವರ ಉಸಿರನ್ನು ಯಾರಾದರೂ ಕೂತು ಎಣಿಸುತ್ತಾರಾ?